ಪಾಷಣ್ಣ ಹೊಲಿದ ಇಪ್ಪತ್ತು ಜಾಕೆಟ್ಟುಗಳು

ಹಾಸಿಗೆ ಅಂಗಡಿಯ ಅಹಮದ್ ಪಾಷಾನಿಗೆ ತಲೆ ಕೆಟ್ಟಿದೆ ಎಂದು ನನ್ನ ಹೋಟೆಲಿನಲ್ಲಿ ಕೂತು ಯಾರಾದರೂ ಆಡಿಕೊಂಡರೆ, ಅವರ ಮುಂದಿನ ಇಡ್ಲಿ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋಗಿಬಿಡುತ್ತೇನೆ. ಇದರಿಂದ ಕೆಲವು ಗಿರಾಕಿಗಳು ತಪ್ಪಿಹೋಗಿದ್ದಾರೆ. ಹೋಗಲಿ, ಹುಣಸೂರಿನಲ್ಲಿ ಬೇರೆ ಹೋಟೆಲುಗಳಿಗೇನು ಬರವೇ? ಈ ಪುಷ್ಪನ ಬಾಯಿ ಜೋರು ಎಂದು ಊರಿಗೇ ಗೊತ್ತು. ಆದರೆ ಆ ಮನುಷ್ಯನಿಗೆ ಆದದ್ದೇನು ಎಂಬುದು ನನಗೆ, ಅವನ ಹೆಂಡತಿ ಜಮೀಲುನ್ನೀಸಾಗೆ ಮತ್ತು ಇನ್ನಿಬ್ಬರಿಗೆ ಬಿಟ್ಟರೆ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಿಲ್ಲದವರೇ ಹೆಚ್ಚು ಮಾತಾಡುವುದು.

ಕಂಡವರು ಹೇಳುವುದು ಇಷ್ಟು. ಅರವತ್ತು ದಾಟಿದ ಮನುಷ್ಯ, ಬಿಳಿ ಗಡ್ಡ, ಹೆಗಲಲ್ಲಿ ದೊಡ್ಡ ಚೀಲ. ಎಲ್ಲೆಲ್ಲಿ ದೋಣಿಯೋ ತೆಪ್ಪವೋ ಓಡುತ್ತದೋ ಅಲ್ಲಿಗೆಲ್ಲ ಬಸ್ಸು ಹತ್ತಿ ಹೋಗುತ್ತಾನೆ. ಅಲ್ಲಿ ಜನ ತೊಟ್ಟುಕೊಂಡಿರುವ ಲೈಫ್ ಜಾಕೆಟ್ಟಿನ ಅಂಚನ್ನು ಮಗುಚಿ ನೋಡುತ್ತಾನೆ. ಕೆ.ಆರ್. ನಗರದಲ್ಲಿ ಒಮ್ಮೆ ಯಾರದೋ ಹೆಂಡತಿಯ ಜಾಕೆಟ್ಟಿಗೆ ಕೈ ಹಾಕಲು ಹೋಗಿ ಕೆನ್ನೆಗೆ ಹೊಡೆಸಿಕೊಂಡು ಬಂದ. ಬಂದವನು ನನ್ನ ಹೋಟೆಲಿನ ಬೆಂಚಿನ ಮೇಲೆ ಕೂತು, "ಅದು ನಂದಲ್ಲ ಕಣ ಪುಷ್ಪಾ, ಕಂಪ್ನಿ ಹೊಲಿಗೆ" ಎಂದ. ಕೆನ್ನೆಯ ಸುದ್ದಿಯನ್ನೇ ಎತ್ತಲಿಲ್ಲ.

ನಮ್ಮಿಬ್ಬರ ಅಂಗಡಿಗಳ ನಡುವೆ ಇರುವುದು ಒಂದೇ ಗೋಡೆ. ನಾನು ಈ ಹೋಟೆಲು ಇಟ್ಟಾಗಿನಿಂದ ಆ ಕಡೆ ಹೊಲಿಗೆ ಮಿಷನ್ನಿನ ಸದ್ದು, ಈ ಕಡೆ ರುಬ್ಬುವ ಮಿಷನ್ನಿನ ಸದ್ದು. ಸುತ್ತಲ ಊರುಗಳ ಮದುವೆಗಳಿಗೆ ಹಾಸಿಗೆ, ದಿಂಬು ಅಲ್ಲಿಂದಲೇ ಹೋಗಬೇಕು. ಅವನ ತಂದೆಯ ಕಾಲದಲ್ಲಿ ಬರೀ ಬೂರುಗದ ಹತ್ತಿ. ಇವನ ಕಾಲಕ್ಕೆ ಸ್ಪಂಜು ಬಂತು. ಸೋಫಾ, ಬಸ್ಸಿನ ಸೀಟು, ಆಟೋ ಸೀಟು ಎಲ್ಲ ಮಾಡಿದ. ಏನು ಮಾಡಿದರೂ ಕೊನೆಗೆ ಅದರ ಮೇಲೆ ತಾನೇ ಒಂದು ಸಲ ಕೂತು, ಕಣ್ಣು ಮುಚ್ಚಿ, ಅಂಡನ್ನು ಅತ್ತಿತ್ತ ಆಡಿಸಿ ನೋಡುತ್ತಿದ್ದ. ನಾನು ಎಷ್ಟು ಸಲ ನಕ್ಕಿದ್ದೇನೋ. "ಮೈಗೆ ಒತ್ತಬಾರ್ದು ಕಣಮ್ಮ, ಒತ್ತಿದ್ರೆ ಅದು ಹಾಸಿಗೆ ಅಲ್ಲ, ಹಲಗೆ" ಎನ್ನುತ್ತಿದ್ದ.

ನನ್ನ ಗಂಡ ವೀರಭದ್ರಸ್ವಾಮಿ ಲಕ್ವ ಹೊಡೆದು ಮಲಗಿದಾಗ ಬೆನ್ನೆಲ್ಲ ಹುಣ್ಣಾಗಲು ಶುರುವಾಗಿತ್ತು. ಪಾಷಣ್ಣ ಕೇಳದೆಯೇ ಬಂದು, ಎಲ್ಲೆಲ್ಲಿ ಒತ್ತುತ್ತದೆ ಎಂದು ನೋಡಿಕೊಂಡು ಹೋಗಿ, ಸೊಂಟಕ್ಕೆ ಒಂದು ಹದ, ಭುಜಕ್ಕೆ ಒಂದು ಹದ ಎಂದು ಹಾಸಿಗೆ ಮಾಡಿಕೊಟ್ಟ. ನಮ್ಮ ಯಜಮಾನರು ಸಾಯುವ ತನಕ ಮತ್ತೊಂದು ಹುಣ್ಣು ಏಳಲಿಲ್ಲ. ಇಂಥವನಿಗೆ ತಲೆ ಕೆಟ್ಟಿದೆ ಎಂದರೆ ನನ್ನ ಮೈ ಉರಿಯದೇ ಇರುತ್ತದೆಯೇ?

ಎರಡು ವರ್ಷದ ಹಿಂದೆ ಮಳೆ ಚೆನ್ನಾಗಿ ಹಿಡಿಯಿತು. ನಮ್ಮ ಲಕ್ಷ್ಮಣತೀರ್ಥ ನದಿಯನ್ನು ನೀವು ಬೇಸಿಗೆಯಲ್ಲಿ ನೋಡಬಾರದು. ಊರಿನ ಚರಂಡಿಯೆಲ್ಲ ಅದಕ್ಕೇ ಇಳಿದು, ಸೇತುವೆ ಮೇಲೆ ಹೋಗುವವರು ಮೂಗು ಮುಚ್ಚಿಕೊಳ್ಳುತ್ತಾರೆ. ಆದರೆ ಆ ವರ್ಷ ಕೊಡಗಿನ ಕಡೆಯ ಮಳೆ ಹೊಡೆದು ಹೊಡೆದು ನದಿ ಎರಡು ದಡವನ್ನೂ ಮುಟ್ಟಿತು. ಮಳೆಗಾಲದ ಕೊನೆಗೆ ಅಬ್ಬರ ಇಳಿದ ಮೇಲೂ ನೀರು ತುಂಬಿಕೊಂಡೇ ನಿಂತಿತು. ಆಗ ಬಿಳಿಕೆರೆ ಕಡೆಯ ಶಶಿಕುಮಾರ್ ಎಂಬ ಕಂಟ್ರಾಕ್ಟರ್ ಒಂದು ಬಿಳಿಯ ಮೋಟಾರು ಬೋಟು ತಂದು ಸೇತುವೆಯ ಕೆಳಗಿನ ಮೆಟ್ಟಿಲಿಗೆ ಕಟ್ಟಿದ. ಸೇತುವೆಯಿಂದ ಹೊರಟು ಕಟ್ಟೆಮಳಲವಾಡಿ ಕಡೆಗೆ ಒಂದಷ್ಟು ದೂರ, ತೆಂಗಿನ ತೋಟದ ತಿರುವಿನ ತನಕ ಹೋಗಿ ವಾಪಸ್ಸು. ಅರ್ಧ ಗಂಟೆಯ ಸವಾರಿ. ಹುಟ್ಟಿದಾಗಿನಿಂದ ನೋಡಿದ ನದಿಯನ್ನೇ ನೋಡಲು ನಮ್ಮ ಜನ ಟಿಕೆಟ್ಟು ತೆಗೆದುಕೊಂಡು ಸಾಲು ನಿಂತರು. ನನಗೂ ವ್ಯಾಪಾರ ಚೆನ್ನಾಯಿತು ಬಿಡಿ, ಸುಳ್ಳು ಯಾಕೆ ಹೇಳಲಿ.

ತೊಂದರೆ ಬಂದದ್ದು ಜಾಕೆಟ್ಟುಗಳಿಂದ. ಶಶಿಕುಮಾರ್ ಎಲ್ಲಿಂದಲೋ ಇಪ್ಪತ್ತು ಹಳೆಯ ಜಾಕೆಟ್ಟು ತಂದಿದ್ದ. ಬೂಷ್ಟು ಹಿಡಿದು ನಾರುತ್ತಿದ್ದವು, ಹರಿದ ಕಡೆಯಿಂದ ಒಳಗಿನ ಥರ್ಮಾಕೋಲಿನಂಥ ಬಿಳಿಯ ಗಟ್ಟಿ ಹಲಗೆ ಪುಡಿಪುಡಿಯಾಗಿ ಉದುರುತ್ತಿತ್ತು. ರೇಷ್ಮೆ ಸೀರೆ ಉಟ್ಟುಕೊಂಡು ಬಂದ ಹೆಂಗಸರು ಅದನ್ನು ತೊಡುತ್ತಾರೆಯೇ? ತೊಡದಿದ್ದರೆ ಬೋಟು ನಿಲ್ಲಿಸುತ್ತೇವೆ ಎಂದು ಮೇಲಿನವರು ಹೇಳಿದ್ದರು. ಬೋಟು ಓಡಿಸುವ ಗೌರೀಶ್ ಅಷ್ಟನ್ನೂ ಆಟೋದಲ್ಲಿ ತುಂಬಿಕೊಂಡು ಪಾಷಣ್ಣನ ಅಂಗಡಿಯ ಮುಂದೆ ಸುರಿದ. ಹಿಂದೆಯೇ ಶಶಿಕುಮಾರ್ ಬಂದ.

"ಪಾಷಾಭಾಯ್, ಜನ ಖುಷಿಯಿಂದ ಆಕ್ಕೊಬೇಕು, ಅಂಗೆ ಮಾಡ್ಕೊಡಿ" ಎಂದ.

ಪಾಷಣ್ಣ ಒಂದನ್ನು ಕೈಯಲ್ಲಿ ಹಿಡಿದು, ಒಳಗಿನ ಹಲಗೆಯನ್ನು ಬೆರಳಿನಿಂದ ಒತ್ತಿ, ಮುಖ ಕಿವಿಚಿದ. "ಇದನ್ನ ಎದೆ ಮ್ಯಾಲೆ ಕಟ್ಕೊಳೋದಾ? ಮಕ್ಳು ಮರಿ ಆಕ್ಕೊಳೋದಲ್ವಾ? ನೀವು ಓಗಿ, ನಾನು ಮಾಡ್ತೀನಿ."

ಅಲ್ಲೇ ಆದದ್ದು ತಪ್ಪು. ಆ ಬಿಳಿಯ ಹಲಗೆ ಯಾಕೆ ಅಷ್ಟು ಗಟ್ಟಿ ಎಂದು ಅವನು ಯೋಚಿಸಲಿಲ್ಲ. ಯೋಚಿಸುವುದಾದರೂ ಹೇಗೆ? ಜೀವನವೆಲ್ಲ ಗಟ್ಟಿಯಾದದ್ದನ್ನು ತೆಗೆದು ಮೆತ್ತನೆಯದನ್ನು ತುಂಬಿದವನು. ಅದನ್ನೆಲ್ಲ ಕಿತ್ತು ಕಸಕ್ಕೆ ಹಾಕಿ, ತನ್ನ ಅಂಗಡಿಯಲ್ಲಿದ್ದ ಒಳ್ಳೆಯ ಸ್ಪಂಜು, ಮದುವೆ ಮನೆಯ ಸೋಫಾಗಳಿಗೆ ಹಾಕುವಂಥದ್ದು, ಅದನ್ನು ಅಳತೆಗೆ ಕತ್ತರಿಸಿ ತುಂಬಿದ. ತೇಲುತ್ತದೋ ಇಲ್ಲವೋ ಎಂದು ನೋಡದೆಯೂ ಇರಲಿಲ್ಲ. ನನ್ನ ಕಣ್ಣೆದುರಿಗೇ ಒಂದು ತುಂಡನ್ನು ಬಕೆಟ್ಟಿನ ನೀರಿಗೆ ಹಾಕಿದ. ಅದು ಬೆಣ್ಣೆಯ ಹಾಗೆ ಮೇಲೆ ತೇಲಿತು. "ನೋಡ್ದಾ?" ಎಂದು ನಕ್ಕ. ಅಷ್ಟರಲ್ಲಿ ಮಸೀದಿಯಲ್ಲಿ ಕೂಗಿದರು. ತುಂಡನ್ನು ಎತ್ತಿ ಬಿಸಿಲಿಗೆ ಎಸೆದು ನಮಾಜಿಗೆ ಹೊರಟ. ಒಣಗಿದ ಸ್ಪಂಜು ನೀರಿಗೆ ಬಿದ್ದ ತಕ್ಷಣ ತೇಲುತ್ತದೆ. ಆಮೇಲೆ ಏನಾಗುತ್ತದೆ ಎಂದು ನಿಂತು ನೋಡಲು ನನಗೂ ತೋಚಲಿಲ್ಲ.

ಕಿತ್ತಲೆ ಬಣ್ಣದ ಹೊಸ ಬಟ್ಟೆ ಹಾಕಿ, ಅಂಚಿಗೆ ಹಾಸಿಗೆಗೆ ಹಾಕುವ ದಪ್ಪ ದಾರದ ಕೈಹೊಲಿಗೆ ಹಾಕಿದ. ಜಮೀಲಕ್ಕ ಹಗಲೆಲ್ಲ ಕೂತು ಪಟ್ಟಿಗಳನ್ನು ಜೋಡಿಸಿದಳು. ಆ ಜಾಕೆಟ್ಟುಗಳನ್ನು ತೊಟ್ಟ ಮೇಲೆ ಜನ ತೆಗೆಯಲು ಒಪ್ಪುತ್ತಿರಲಿಲ್ಲವಂತೆ. "ಸಾಬ್ರೆ, ನಿಮ್ಮ ಜಾಕೆಟ್ ಆಕ್ಕೊಂಡ್ರೆ ನಿದ್ದೆ ಬತ್ತದೆ" ಎಂದು ಗೌರೀಶ್ ದಿನಾ ಚಹಾ ಕುಡಿಯಲು ಬಂದಾಗ ಹೇಳುತ್ತಿದ್ದ. ಪಾಷಣ್ಣ ಸಂಜೆ ಸೇತುವೆಯ ಮೇಲೆ ನಿಂತು, ಕೆಳಗೆ ಕಿತ್ತಲೆ ಬಣ್ಣದ ಸಾಲನ್ನು ಹೊತ್ತ ಬೋಟು ಹೋಗುವುದನ್ನು ನೋಡಿ ಬರುತ್ತಿದ್ದ.

ಒಂದು ಭಾನುವಾರ ನಮ್ಮನ್ನೂ ಕರೆದುಕೊಂಡು ಹೋದ. ಜಮೀಲಕ್ಕ ಹುಟ್ಟಿದ್ದೇ ಹುಣಸೂರಿನಲ್ಲಿ, ಆದರೆ ನೀರಿನ ಮೇಲೆ ಹೋದವಳಲ್ಲ. ಮೆಟ್ಟಿಲಿನಿಂದ ಬೋಟಿಗೆ ಕಾಲಿಡುವಾಗ "ಯಾ ಅಲ್ಲಾ, ಅಳ್ಳಾಡ್ತದೆ" ಎಂದು ನನ್ನ ರಟ್ಟೆಯನ್ನು ಹಿಡಿದವಳು ಕೂತ ಮೇಲೂ ಬಿಡಲಿಲ್ಲ. ಬೋಟು ಹೊರಟಿತು. ನದಿಯಿಂದ ನೋಡಿದರೆ ನಮ್ಮ ಊರು ಬೇರೆಯೇ ಊರು. ಎಲ್ಲ ಮನೆಗಳ ಹಿಂಭಾಗ ಕಾಣುತ್ತದೆ. ಒಣಗಲು ಹಾಕಿದ ಸೀರೆ, ಹಿತ್ತಿಲಿನ ನುಗ್ಗೆ ಮರ, ಬಟ್ಟೆ ಒಗೆಯುವ ಕಲ್ಲು, ಅಗೋ ಮಸೀದಿಯ ಮಿನಾರು, ಇಗೋ ದೇವಸ್ಥಾನದ ಕಳಸ. ಜಮೀಲಕ್ಕನ ಭಯ ಬಿಟ್ಟುಹೋಯಿತು. ದಡದಲ್ಲಿ ನಿಂತ ಒಂದು ಬೆಳ್ಳಕ್ಕಿಯನ್ನು ತೋರಿಸಿ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ಹೊಡೆದಳು. ಪಾಷಣ್ಣ ನದಿ ನೋಡುತ್ತಿರಲಿಲ್ಲ. ಸುತ್ತ ಕೂತವರ ಜಾಕೆಟ್ಟುಗಳನ್ನು ಒಂದೊಂದಾಗಿ ನೋಡುತ್ತ, ಗಡ್ಡ ನೀವಿಕೊಳ್ಳುತ್ತ ಕೂತಿದ್ದ.

ತೆಂಗಿನ ತೋಟದ ತಿರುವಿನಲ್ಲಿ ಮಳೆ ಹಿಡಿಯಿತು. ಬೋಟಿಗೆ ಮೇಲೆ ಹೊದಿಕೆ ಇರಲಿಲ್ಲ. ಮೊದಲು ಎಲ್ಲರೂ ನಕ್ಕರು, ಹುಡುಗರು ಕೂಗಾಡಿದರು. ವಾಪಸ್ಸು ಬರುವ ದಾರಿಯಲ್ಲಿ ಮಳೆ ಜೋರಾಯಿತು, ಬರಬರುತ್ತ ಮಾತು ನಿಂತಿತು. ಏನೋ ಒಂದು ಭಾರ ನನ್ನ ಕುತ್ತಿಗೆಯನ್ನು ಕೆಳಕ್ಕೆ ಜಗ್ಗುತ್ತಿತ್ತು. ಚಳಿಗೆ ಹೀಗಾಗುತ್ತಿದೆ ಅಂದುಕೊಂಡೆ. ಮೆಟ್ಟಿಲು ಮುಟ್ಟಿದಾಗ ಜಮೀಲಕ್ಕನಿಗೆ ಏಳಲು ಆಗಲಿಲ್ಲ. ಗೌರೀಶ್ ಮುಂದಿನಿಂದ ಎಳೆದು, ನಾನು ಹಿಂದಿನಿಂದ ನೂಕಬೇಕಾಯಿತು.

"ಏನ್ರೀ ಇದು, ಒದ್ದೆ ಹಾಸ್ಗೇನ ಮೈಗೆ ಕಟ್ದಂಗೈತೆ" ಎಂದಳು ಗಂಡನಿಗೆ, ನಗುನಗುತ್ತಲೇ.

ಪಾಷಣ್ಣನ ಮುಖದ ರಕ್ತ ಇಳಿದದ್ದನ್ನು ನಾನು ನೋಡಿದೆ. ಒದ್ದೆ ಹಾಸಿಗೆ ಎಂದರೆ ಏನು ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಗಡಿಯ ಸೂರು ಸೋರಿದ ಮಳೆಗಾಲಗಳಲ್ಲಿ ನೀರು ಕುಡಿದ ಹಾಸಿಗೆಯನ್ನು ಇಬ್ಬರು ಗಂಡಸರು ಸೇರಿ ಎತ್ತಲಾರದೆ ರಸ್ತೆಗೆ ಎಳೆದು ಹಾಕಿದ್ದಾರೆ. ಅವನು ತನ್ನ ಜಾಕೆಟ್ಟನ್ನು ಬಿಚ್ಚಿ, ಗೌರೀಶನಿಗೆ ಕೊಡದೆ, ಕಂಕುಳಲ್ಲಿ ಇಟ್ಟುಕೊಂಡು ನಡೆದ.

ನೇರ ನನ್ನ ಹೋಟೆಲಿನ ಹಿತ್ತಿಲಿಗೆ ಬಂದ. ಅಲ್ಲಿ ನೀರು ತುಂಬಿಡುವ ನೀಲಿ ಡ್ರಮ್ಮು ಇದೆ. ಜಾಕೆಟ್ಟನ್ನು ಅದರೊಳಗೆ ಹಾಕಿ ಎರಡೂ ಕೈಯಿಂದ ಅದುಮಿದ. ಗುಳುಗುಳು ಎಂದು ಗುಳ್ಳೆ ಬಂದವು. ಗುಳ್ಳೆ ನಿಂತ ಮೇಲೆ ಕೈ ಬಿಟ್ಟ. ಅದು ಮೇಲೆ ಬರಲಿಲ್ಲ. ಡ್ರಮ್ಮಿನ ತಳಕ್ಕೆ ಹೋಗಿ, ಒಬ್ಬ ಮನುಷ್ಯ ಕೂತ ಹಾಗೆ ಕೂತಿತು.

"ಮ್ಯಾಲೆ ಬಾ, ಬಾ" ಎಂದು ಪಾಷಣ್ಣ ಡ್ರಮ್ಮಿನೊಳಗೆ ಬಗ್ಗಿ ಅಂಗಲಾಚಿದ. ಮಳೆ ಸುರಿಯುತ್ತಲೇ ಇತ್ತು. ನಾನು ಅವನ ತೋಳು ಹಿಡಿದು ಈಚೆಗೆ ಎಳೆದೆ.

"ಪುಷ್ಪಾ, ಕೂಸ್ಗಳು ಆಕ್ಕೊಂಡಿದ್ವಲ್ಲ."

"ಯಾರೂ ಬಿದ್ದಿಲ್ವಲ್ಲ ಪಾಷಣ್ಣ. ಈಗ್ಲೇ ಓಗಿ ಪೋಲೀಸ್ನೋರಿಗೆ ಏಳಿಬಿಡು, ಬೋಟು ನಿಲ್ಲಿಸ್ತಾರೆ."

ಹೇಳುವುದು ಸುಲಭ ಎಂದು ನಾನು ಅಂದುಕೊಂಡಿದ್ದೆ. ಜಮೀಲಕ್ಕ ಬಾಗಿಲಿಗೆ ಅಡ್ಡ ನಿಂತಳು. ಜೀವಮಾನದಲ್ಲಿ ಗಂಡನ ಎದುರು ದನಿ ಎತ್ತದವಳು ಅವತ್ತು ಎತ್ತಿದಳು. "ಟೇಸನ್ಗೆ ಓಗ್ತೀರಾ? ಇಪ್ಪತ್ತು ಜನರನ್ನ ಮುಳುಗ್ಸಕ್ಕೆ ಸಾಬಿ ಬೇಕಂತ್ಲೇ ಹೊಲ್ದ ಅಂತಾರೆ. ಫೋನಲ್ಲಿ ಆಕ್ತಾರೆ. ಪಿರಿಯಾಪಟ್ಣದಲ್ಲಿ ನಮ್ಮ ಮಗ್ಳು ಅಫ್ರೀನ್ ಮನೆ ಮುಂದೂ ಜನ ಸೇರ್ತಾರೆ. ಪುಷ್ಪಾ, ನೀನೇ ಏಳು, ಅನ್ನಲ್ವಾ?"

ಅನ್ನುವುದಿಲ್ಲ ಎಂದು ಹೇಳಬೇಕು ಎಂದು ಬಾಯಿ ತೆರೆದೆ. ನನ್ನ ಹೋಟೆಲಿನಲ್ಲಿ ಕೂತು ತಿನ್ನುವವರ ಮಾತುಗಳನ್ನು ನಾನೇ ದಿನಾ ಕೇಳುತ್ತೇನಲ್ಲ. ಬಾಯಿ ಮುಚ್ಚಿಕೊಂಡೆ. ಅವತ್ತು ನನಗಾದ ನಾಚಿಕೆ ಇನ್ನೂ ಹೋಗಿಲ್ಲ.

ಪಾಷಣ್ಣ ಠಾಣೆಗೆ ಹೋಗಲಿಲ್ಲ, ಶಶಿಕುಮಾರನ ಹತ್ತಿರ ಹೋದ. ನಾನೂ ಜೊತೆಗೆ ಹೋದೆ. ಮೆಟ್ಟಿಲ ಬಳಿಯ ಶೆಡ್ಡಿನಲ್ಲಿ ಒದ್ದೆ ಜಾಕೆಟ್ಟುಗಳನ್ನು ಹಗ್ಗಕ್ಕೆ ನೇತುಹಾಕಿದ್ದರು. ಹಗ್ಗ ನೆಲ ಮುಟ್ಟುವಷ್ಟು ಜಗ್ಗಿತ್ತು. ಪಾಷಣ್ಣ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ತಾನೇ ಹೊಸ ಸಾಮಾನು ಹಾಕಿ ಮಾಡಿಕೊಡುತ್ತೇನೆ, ಈಗ ವಾಪಸ್ಸು ಕೊಡಿ ಎಂದು ಕೈ ಮುಗಿದ.

ಶಶಿಕುಮಾರ್ ಕೂಗಾಡಲಿಲ್ಲ. ಮೆಲ್ಲಗೆ ಹೇಳಿದ: "ಪಾಷಾಭಾಯ್, ಈ ಮಾತು ಇಲ್ಲೇ ಇರ್ಲಿ. ಬೋಟು ನನ್ದು, ನನ್ಗೂ ತಲೆನೋವು. ಆದ್ರೆ ಪೋಲೀಸ್ನೋರು ಬಂದ್ರೆ ಮೊದ್ಲು ನಿಮ್ಮ ಹೆಸ್ರು ನೋಡ್ತಾರೆ, ಆಮೇಲೆ ಹೊಲಿಗೆ ನೋಡ್ತಾರೆ. ಅರ್ಥ ಆಯ್ತಾ? ನಾಳೆಯಿಂದ ಬೋಟು ಬಂದ್. ಇವನ್ನೆಲ್ಲ ನಾನೇ ಸುಟ್ಟಾಕ್ತೀನಿ."

ಮರುದಿನದಿಂದ ಬೋಟು ನಿಂತಿತು. ನೀರೂ ಇಳಿಯುತ್ತಿತ್ತು, ಯಾರೂ ಏನೂ ಕೇಳಲಿಲ್ಲ. ಜಾಕೆಟ್ಟು ಎಲ್ಲಿ ಎಂದು ಪಾಷಣ್ಣ ಕೇಳಿದ್ದಕ್ಕೆ, ಸುಟ್ಟಾಯಿತು ಎಂದ ಶಶಿಕುಮಾರ್. ಪಾಷಣ್ಣ ನಂಬಿದ. ನಂಬಿದವನು ಅಲ್ಲಿಗೆ ಉಸಿರು ಬಿಟ್ಟು ಹಾಸಿಗೆ ಹೊಲಿಯಲು ಕೂತ. ಆ ಚಳಿಗಾಲ ಅವನ ಮಿಷನ್ನಿನ ಸದ್ದು ಮೊದಲಿನ ಹಾಗೆಯೇ ಗೋಡೆಯಾಚೆ ಕೇಳುತ್ತಿತ್ತು.

ಬೇಸಿಗೆಯಲ್ಲಿ ಗೌರೀಶ್ ಹೋಟೆಲಿಗೆ ಬಂದ. ಬೋಟಿನ ಕೆಲಸ ಹೋಗಿ ಅವನು ಯಾವುದೋ ರೆಸಾರ್ಟಿನ ಕಡೆ ಸೇರಿಕೊಂಡಿದ್ದ. ಚಹಾ ಕುಡಿಯುತ್ತ, ಏನೋ ಹೇಳಬೇಕು, ಹೇಗೆ ಹೇಳಲಿ ಎಂದು ಲೋಟವನ್ನು ತಿರುಗಿಸುತ್ತ ಕೂತಿದ್ದ.

"ಅದೇನ್ಲಾ ಬೊಗುಳು" ಎಂದೆ.

"ಪುಷ್ಪಕ್ಕ, ಆ ಜಾಕೆಟ್ ಸುಡಲಿಲ್ಲ. ಮಾರ್ಬುಟ್ರು. ನಾಕ್ ಅವ್ರಿಗೆ, ಐದ್ ಇವ್ರಿಗೆ ಅಂತ. ತೆಪ್ಪದೋರು, ಮೀನಿನೋರು, ಸಣ್ಣಪುಟ್ಟ ಬೋಟ್ನೋರು. ನೋಡಕ್ಕೆ ಚೆಂದಾಗಿದ್ವಲ್ಲ, ತಗೊಂಡ್ರು."

ನಾನು ತಿರುಗಿದರೆ ಪಾಷಣ್ಣ ಬಾಗಿಲಲ್ಲಿ ನಿಂತಿದ್ದ. ಚಹಾ ತೆಗೆದುಕೊಂಡು ಹೋಗಲು ಬಂದವನು ಎಲ್ಲ ಕೇಳಿಸಿಕೊಂಡಿದ್ದ. ಶಶಿಕುಮಾರನ ಮನೆಗೆ ಅವತ್ತೇ ಹೋದೆವು. ಬೈದೆ ನಾನು, ಬಾಯಿಗೆ ಬಂದದ್ದೆಲ್ಲ ಬೈದೆ, ಅವನ ಮನೆಯ ಹೆಂಗಸರು ಕಿಟಕಿ ಮುಚ್ಚಿದರು. ಯಾರಿಗೆ ಕೊಟ್ಟೆ ಎಂಬುದು ನೆನಪಿಲ್ಲ ಎಂದ. ಯಾವ ಜಾಕೆಟ್ಟು ಎಂದೂ ಕೇಳಿದ. ದೂರು ಕೊಡುತ್ತೇನೆ ಎಂದೆ. "ಕೊಡಿ ಅಕ್ಕ, ಹೊಲ್ದೋರು ಪಕ್ಕದಲ್ಲೇ ನಿಂತವ್ರಲ್ಲ" ಎಂದ.

ಅಲ್ಲಿಂದ ಶುರುವಾಯಿತು ಇವನ ಅಲೆದಾಟ. ಮೈಸೂರಿನಿಂದ ಸರಿಯಾದ ಜಾಕೆಟ್ಟುಗಳನ್ನು ತಂದ. ಅದಕ್ಕಾಗಿ ಹತ್ತಿ ಹಿಂಜುವ ಮಿಷನ್ನು ಮಾರಿದ. ಚೀಲದಲ್ಲಿ ಎರಡೋ ಮೂರೋ ಹೊಸದನ್ನು ತುಂಬಿಕೊಂಡು ಬೆಳಗಿನ ಬಸ್ಸು ಹತ್ತುತ್ತಿದ್ದ. ಕೆ.ಆರ್. ನಗರದ ಹೊಳೆ ದಡ, ಬೀಚನಹಳ್ಳಿಯ ಸುತ್ತಮುತ್ತ, ಹಿನ್ನೀರಿನ ಹಳ್ಳಿಗಳು, ಮೀನು ಹಿಡಿಯುವ ಕೆರೆಗಳು. ಅಂಚು ಮಗುಚಿ ನೋಡುವುದು, ತನ್ನ ದಪ್ಪ ದಾರದ ಕೈಹೊಲಿಗೆ ಕಂಡರೆ ಹೊಸದನ್ನು ಕೊಟ್ಟು ಅದನ್ನು ಇಸಿದುಕೊಳ್ಳುವುದು. ಹಳೆಯದಕ್ಕೆ ಹೊಸದು ಕೊಡುತ್ತಾನೆ ಎಂದರೆ ಯಾರು ಬೇಡ ಎನ್ನುತ್ತಾರೆ? ಕೊಟ್ಟು, ಬೆನ್ನ ಹಿಂದೆ ಹುಚ್ಚು ಸಾಬಿ ಎಂದು ನಗುತ್ತಿದ್ದರು. ಯಾಕೆ ಎಂದು ಕೇಳಿದರೆ, "ಬಟ್ಟೆ ಸರಿ ಇಲ್ಲ" ಎನ್ನುತ್ತಿದ್ದ. ನಿಜ ಹೇಳಬಾರದು ಎಂದು ಜಮೀಲಕ್ಕ ಆಣೆ ಹಾಕಿಸಿಕೊಂಡಿದ್ದಳು.

ತಂದದ್ದನ್ನು ಮನೆಯ ಮಾಳಿಗೆಯ ಮೇಲೆ ಬಿಚ್ಚುತ್ತಿದ್ದ. ಸ್ಪಂಜನ್ನು ಚೂರು ಚೂರು ಮಾಡಿ, ಬಟ್ಟೆಯನ್ನು ಹರಿದು, ಪಟ್ಟಿಗಳನ್ನು ಸುಟ್ಟು, ಆಮೇಲೆ ಕೈ ತೊಳೆದು ಊಟಕ್ಕೆ ಕೂರುತ್ತಿದ್ದ. ಮದುವೆಯ ಹಾಸಿಗೆಗಳು ಅರ್ಧಕ್ಕೇ ನಿಂತವು. ಗಿರಾಕಿಗಳು ಬಂದು ಬಂದು ಬಾಗಿಲು ಹಾಕಿದ್ದನ್ನು ನೋಡಿ, ನನ್ನ ಹತ್ತಿರ ಬೈದು ಹೋದರು. ಕಡೆಗೆ ಬರುವುದನ್ನೇ ಬಿಟ್ಟರು. ಜಮೀಲಕ್ಕ ಮನೆಯಲ್ಲೇ ರವಿಕೆ ಹೊಲಿದು ಸಂಸಾರ ತೂಗಿಸಿದಳು. "ಈ ನದೀಲಿ ನಾನು ಅವತ್ತು ಚಪ್ಪಾಳೆ ಒಡ್ದೆ ನೋಡು" ಎಂದು ಒಂದು ದಿನ ಹೇಳಿ ಅತ್ತಳು. ಪಕ್ಕದಲ್ಲಿ ಕೂತು ನಾನೂ ಅತ್ತೆ.

ಹೋದ ತಿಂಗಳ ಹೊತ್ತಿಗೆ, ನನ್ನ ಡ್ರಮ್ಮಿನಲ್ಲಿ ಮುಳುಗಿದ್ದೂ ಸೇರಿ, ಹದಿನೇಳು ಸಿಕ್ಕಿದ್ದವು. ಮೂರು ಉಳಿದಿದ್ದವು. ಒಂದು ಸೋಮವಾರ ಬೆಳಗ್ಗೆ ಇಡ್ಲಿ ತಿನ್ನಲು ಬಂದ ಲಾರಿ ಡ್ರೈವರೊಬ್ಬ ಸುದ್ದಿ ಹೇಳಿದ. ಎಚ್.ಡಿ. ಕೋಟೆಯ ಕಡೆ, ಹಿನ್ನೀರಿನ ಒಂದು ಹಳ್ಳಿಯಲ್ಲಿ ಯಾರೋ ಖಾಸಗಿ ದೋಣಿಯವನು ಭಾನುವಾರ ಜನರನ್ನು ಸುತ್ತಾಡಿಸುತ್ತಿದ್ದನಂತೆ. ಫೋಟೋಗೆ ಎಲ್ಲರೂ ಒಂದೇ ಕಡೆ ವಾಲಿ ಒಂದು ಹುಡುಗಿ ನೀರಿಗೆ ಬಿದ್ದಳಂತೆ. "ಜಾಕೀಟು ಆಕ್ಕೊಂಡಿದ್ಳಂತೆ ಕಣ್ರೀ, ಆದ್ರೂ ಮುಳುಗೋದ್ಳಂತೆ. ಇನ್ನೂ ಸಿಕ್ಕಿಲ್ಲ" ಎಂದ.

ಪಾಷಣ್ಣ ಆಗ ನನ್ನ ಬೆಂಚಿನ ಮೇಲೇ ಕೂತಿದ್ದ. ಎದ್ದು ನಿಂತ. ಮತ್ತೆ ಕೂತ. ನಾನು ಒಲೆ ಆರಿಸಿ, ಹೋಟೆಲಿನ ಬಾಗಿಲು ಎಳೆದು, ಅವನ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ಹೊರಟೆ. ಜಮೀಲಕ್ಕನಿಗೆ ಹೇಳಲಿಲ್ಲ.

ಬಸ್ಸಿನಲ್ಲಿ ಅವನು ಇಡೀ ದಾರಿ ತುಟಿ ಆಡಿಸುತ್ತಲೇ ಇದ್ದ. ನಾನೂ ನಮ್ಮ ಮನೆದೇವರಿಗೆ ಹರಕೆ ಹೊತ್ತೆ. ಏನೆಂದು? ಆ ಹುಡುಗಿ ಬದುಕಿರಲಿ ಎಂದಲ್ಲ. ಬಿದ್ದು ಒಂದು ದಿನವಾಗಿದೆ, ಅದು ಆಗದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು. ಆ ಜಾಕೆಟ್ಟು ಪಾಷಣ್ಣ ಹೊಲಿದದ್ದಾಗಿರದಿರಲಿ ಎಂದು ಬೇಡಿಕೊಂಡೆ. ಒಂದು ಹೆಣ ನೀರಿನಲ್ಲಿರುವಾಗ ಮನುಷ್ಯರು ಬೇಡಿಕೊಳ್ಳುವ ಬೇಡಿಕೆಯೇ ಅದು? ಆದರೆ ಬೇಡಿಕೊಂಡೆ.

ಬಸ್ಸಿಳಿದು ಆಟೋದಲ್ಲಿ ಹೋದೆವು. ದಡದಲ್ಲಿ ಜನವೋ ಜನ. ದೂರದಲ್ಲಿ ಎರಡು ದೋಣಿಗಳು ನಿಂತು, ನೀರಿಗೆ ಕೊಕ್ಕೆ ಇಳಿಸಿ ಹುಡುಕುತ್ತಿದ್ದವು. ಆಕಾಶ ಕಪ್ಪಗಿತ್ತು, ಗಾಳಿಯೇ ಇರಲಿಲ್ಲ. ಒಂದು ಹೊಂಗೆ ಮರದ ಕೆಳಗೆ ಹುಡುಗಿಯ ಅಪ್ಪ ಕೂತಿದ್ದಾನೆ ಎಂದು ಯಾರೋ ತೋರಿಸಿದರು. ಅಣ್ಣಯ್ಯ ಎಂದು ಹೆಸರು, ಹೊಲದ ಕೆಲಸದವನಂತೆ. ರಮ್ಯಾ ಒಬ್ಬಳೇ ಮಗಳು, ಗಾರ್ಮೆಂಟ್ಸಿಗೆ ಹೋಗುತ್ತಿದ್ದಳಂತೆ, ರಜಾ ಎಂದು ಗೆಳತಿಯರ ಜೊತೆ ನೀರು ನೋಡಲು ಬಂದಿದ್ದಳಂತೆ. ಅವನು ಅಳುತ್ತಿರಲಿಲ್ಲ. ನೆಂಟರು ಎರಡೂ ಕಡೆ ಹಿಡಿದುಕೊಂಡಿದ್ದರು. ದೋಣಿಯ ಕಡೆಯೇ ನೋಡುತ್ತಿದ್ದ.

ಬೆಳಗ್ಗೆ ಮೀನಿನವರ ಬಲೆಗೆ ಜಾಕೆಟ್ಟು ಮಾತ್ರ ಸಿಕ್ಕಿತ್ತು. ಅದನ್ನು ಮರದ ಹತ್ತಿರವೇ ಒಂದು ಕಲ್ಲಿನ ಮೇಲೆ ಇಟ್ಟಿದ್ದರು. ಕಿತ್ತಲೆ ಬಣ್ಣ. ದೂರದಿಂದ ನೋಡಿದರೆ ಅದೇ ಬಣ್ಣ, ಅದೇ ಆಕಾರ. ಕಾವಲಿಗೆ ನಿಂತ ಪೋಲೀಸಿನವನು ಫೋನಿನಲ್ಲಿ ಮಾತಾಡುತ್ತ ಬೇರೆ ಕಡೆ ತಿರುಗಿದ್ದ.

ಪಾಷಣ್ಣ ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಕೈ ಮುಂದಕ್ಕೆ ಹೋಗಲಿಲ್ಲ. "ನೀನು ನೋಡು ಪುಷ್ಪಾ" ಎಂದ. ನಾನು ಆಗುವುದಿಲ್ಲ ಎಂದೆ. ಕಡೆಗೆ ಅವನೇ ಎರಡು ಬೆರಳಿನಿಂದ ಅಂಚನ್ನು ಹಿಡಿದು ಮಗುಚಿದ.

ಸಣ್ಣ ಸಣ್ಣ ಹೊಲಿಗೆ. ಮಿಷನ್ನಿನ ಹೊಲಿಗೆ. ಒಳಗೆ ಕಂಪನಿಯ ಚೀಟಿ. ಪಟ್ಟಿ ಕಟ್ಟದೆ ಬರಿದೇ ಹೆಗಲಿಗೆ ಹಾಕಿಕೊಂಡಿದ್ದಿರಬೇಕು, ಬಿದ್ದ ತಕ್ಷಣ ಕಳಚಿ ಹೋಗಿದೆ. ಪಾಷಣ್ಣ ಮೂಲೆಗಳನ್ನು ನೋಡಿದ, ಮತ್ತೆ ನೋಡಿದ, ಜಾಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೆ ಒತ್ತಿಕೊಂಡ. ಇಷ್ಟು ದಿನ ಬಿಗಿಹಿಡಿದಿದ್ದ ಉಸಿರು ಒಂದೇ ಸಲ ಹೊರಗೆ ಬಂತು.

"ಅಲ್ಹಮ್ದುಲಿಲ್ಲಾ! ಅಲ್ಹಮ್ದುಲಿಲ್ಲಾ ಪುಷ್ಪಾ!" ಎಂದು ದೇವರನ್ನು ಹೊಗಳಿ ಜೋರಾಗಿ ಕೂಗಿಬಿಟ್ಟ. ಅವನ ಮುಖ ತುಂಬ ನಗು, ಕಣ್ಣಿನಲ್ಲಿ ನೀರು. ನಾನೂ ನಕ್ಕೆ. ದೇವರಾಣೆಗೂ ನಕ್ಕೆ.

ಹೊಂಗೆ ಮರದ ಕೆಳಗೆ ಅಣ್ಣಯ್ಯ ತಿರುಗಿ ನೋಡಿದ. ನೆಂಟರ ಕೈ ಕೊಡವಿಕೊಂಡು ಎದ್ದ. ಹೆಗಲ ಮೇಲಿನ ಟವೆಲ್ಲು ಜಾರಿ ಬಿದ್ದದ್ದು ಅವನಿಗೆ ತಿಳಿಯಲಿಲ್ಲ. ಓಡಿ ಬಂದು ಪಾಷಣ್ಣನ ಎರಡೂ ಕೈಗಳನ್ನು, ಜಾಕೆಟ್ಟಿನ ಸಮೇತ, ಗ‌ಟ್ಟಿಯಾಗಿ ಹಿಡಿದುಕೊಂಡ. ಅಲ್ಲಿಯವರೆಗೆ ಕಲ್ಲಾಗಿದ್ದ ಅವನ ಮುಖವೂ ನಗುತ್ತಿತ್ತು.

"ಸಿಕ್ಳಾ ಸಾಬ್ರೇ? ಜೀವ ಐತಾ ನನ್ ಮಗ್ಳಿಗೆ?"

ಅಣ್ಣಯ್ಯ ಪಾಷಣ್ಣನ ಕೈಗಳನ್ನು ಅಲ್ಲಾಡಿಸುತ್ತ, "ಹೇಳಿ ಸಾಬ್ರೇ, ಹೇಳಿ" ಎನ್ನುತ್ತಲೇ ಇದ್ದ. ಪಾಷಣ್ಣ ನನ್ನ ಕಡೆ ನೋಡಿದ. ಇಲ್ಲ ಎಂದು ನಾನೇ ಹೇಳಬೇಕಾಯಿತು.